ಕತ್ತಲಲ್ಲಿ ಕ್ಯಾಮೆರಾಗೆ ಐಆರ್ ದೀಪ: ಆಯ್ಕೆಯಿಂದ ಹಿಡಿದು ಕಟ್ಟುವವರೆಗೆ

ಅಡಿಕೆಯ ಕೊನೆಕೊಯ್ಲು ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. "ಕ್ಯಾಮೆರಾ ಹಾಕಿಸಿದ್ದೇವೆ, ರಾತ್ರಿ ಏನೂ ಕಾಣುವುದಿಲ್ಲ." ವಿಡಿಯೊ ಕಳಿಸಿ ಎಂದರೆ ಬರುವುದೂ ಮೂರೇ ಬಗೆ. ಪರದೆ ಪೂರ್ತಿ ಕಪ್ಪು. ಇಲ್ಲವೇ ಹಾಲು ಚೆಲ್ಲಿದಂತೆ ಬಿಳಿ ಮಬ್ಬು. ಅದೂ ಅಲ್ಲವೆಂದರೆ ಅಂಗಳಕ್ಕೆ ಬಂದವನ ಕತ್ತಿನ ಮೇಲೆ ಮುಖದ ಬದಲು ಒಂದು ಬಿಳಿ ಉಂಡೆ. ಚಾಲಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆ) ಮಾಡುವವರ ಅಂಗಳದಲ್ಲಿ ಅಡಿಕೆ ಸುಮಾರು 40 ದಿನ ಹರವಿಕೊಂಡೇ ಇರುತ್ತದೆ. ಅಷ್ಟು ದಿನವೂ ಕಾವಲಿಗೆ ಈ ಬಿಳಿ ಉಂಡೆಯನ್ನೇ ನಂಬಿ ಕೂರುವುದು ಕಷ್ಟ.

ಇದೇ ಕಾರಣಕ್ಕೆ ಎರಡೆರಡು ಬಾರಿ ಕ್ಯಾಮೆರಾ ಬದಲಿಸಿದವರಿದ್ದಾರೆ. ಹೆಚ್ಚಿನ ಕಡೆ ಕ್ಯಾಮೆರಾ ಸರಿಯಾಗಿಯೇ ಇತ್ತು. ತಪ್ಪು ಆದದ್ದು ಕ್ರಮದಲ್ಲಿ: ಪೆಟ್ಟಿಗೆಯ ಮೇಲೆ "100 ಮೀಟರ್" ಎಂದು ಬರೆದ ಐಆರ್ ದೀಪವನ್ನು (ಇನ್‌ಫ್ರಾರೆಡ್, ಅಂದರೆ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ, ಕ್ಯಾಮೆರಾಗೆ ಕಾಣುವ ಬೆಳಕಿನ ದೀಪ) ಮೊದಲು ಕೊಂಡು, ಅದನ್ನು ಎಲ್ಲಿ ಕಟ್ಟುವುದೆಂದು ಆಮೇಲೆ ಯೋಚಿಸಿದರು. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ದೀಪ ಕೊಳ್ಳುವುದು ಐದು ಹಂತ ಮುಗಿದ ಮೇಲೆ.

ಬೇಕಾಗುವ ಸಲಕರಣೆ

ಅಳತೆ ಟೇಪು, ಏಣಿ, ಮಲ್ಟಿಮೀಟರ್, ಟಾರ್ಚು, ಟಿವಿಯ ರಿಮೋಟು, ಒಂದು ಮೊಬೈಲ್, ಮೆತ್ತನೆಯ ಬಟ್ಟೆ. ಜೊತೆಗೆ ಕತ್ತಲಲ್ಲಿ ಅಂಗಳದ ಉದ್ದಕ್ಕೂ ನಡೆದಾಡಲು ಒಬ್ಬ ಮನುಷ್ಯ. ಈ ಕೊನೆಯ "ಸಲಕರಣೆ" ಇಲ್ಲದೆ ಪರೀಕ್ಷೆ ಮಾಡಿದವರು ಖಾಲಿ ಅಂಗಳ ಚೆನ್ನಾಗಿ ಕಾಣುತ್ತದೆಂದು ಸಮಾಧಾನಪಟ್ಟುಕೊಂಡು ಮಲಗುತ್ತಾರೆ.

ಹಂತ 1: ಹಗಲಿನಲ್ಲೇ ದೂರ ಅಳೆಯಿರಿ

ಮೊದಲ ಪ್ರಶ್ನೆ: ಯಾರೋ ಬಂದರೆಂದು ತಿಳಿದರೆ ಸಾಕೇ, ಬಂದವರು ಯಾರೆಂದು ಗೊತ್ತಾಗಬೇಕೇ? ಇವೆರಡಕ್ಕೂ ಬೇಕಾಗುವ ದೀಪ ಬೇರೆ, ಕ್ಯಾಮೆರಾದ ಲೆನ್ಸ್ ಕೂಡ ಬೇರೆ.

ಸಿಸಿಟಿವಿ ಕೆಲಸದಲ್ಲಿ ಬಳಸುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಪರಿಚಿತನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೇಕು. ಪರಿಚಯದವನೇ ಎಂದು ಹೇಳಲು 125, ಯಾರೋ ಇದ್ದಾರೆ ಎನ್ನಲು 25 ಸಾಕು. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಚಿತ್ರದಲ್ಲಿ ಸುಮಾರು ಏಳೂವರೆ ಮೀಟರ್ ಅಗಲದ ಜಾಗ ಮಾತ್ರ ಇದ್ದರೆ ಅಪರಿಚಿತನ ಮುಖ ಸಿಗುತ್ತದೆ. ಮನೆಗಳಿಗೆ ಹೆಚ್ಚಾಗಿ ಹಾಕುವ 4 ಮಿಲಿಮೀಟರ್ ಲೆನ್ಸಿನಲ್ಲಿ ಅದು ನಾಲ್ಕೈದು ಮೀಟರ್ ದೂರಕ್ಕೇ ಮುಗಿದುಹೋಗುತ್ತದೆ. 2.8 ಮಿಲಿಮೀಟರ್ ಲೆನ್ಸಾದರೆ ಮೂರು ಮೀಟರ್ ಚಿಲ್ಲರೆ. ಇನ್ನೂ ದೂರದ ಮುಖ ಬೇಕೆಂದರೆ 12 ಮಿಲಿಮೀಟರಿನಂಥ ಉದ್ದ ಲೆನ್ಸ್ ಬೇಕು. ಅದರಲ್ಲಿ ಹದಿನೈದು ಮೀಟರಿನವರೆಗೂ ನಡೆಯುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. 30 ಮೀಟರ್ ಆಚೆಯ ದಣಪೆಯ (ಬೇಲಿಯ ಗೇಟಿನ) ಹತ್ತಿರ ಬಂದವನ ಮುಖ 2.8 ಮಿಲಿಮೀಟರ್ ಲೆನ್ಸಿನಲ್ಲಿ ನಡುಮಧ್ಯಾಹ್ನದ ಬಿಸಿಲಿನಲ್ಲೂ ಸಿಗುವುದಿಲ್ಲ. ಅದಕ್ಕೆ ಎಷ್ಟು ದೊಡ್ಡ ಐಆರ್ ದೀಪ ಹಾಕಿದರೂ ದುಡ್ಡು ದಂಡ. ಹಗಲಿನಲ್ಲಿ ಒಬ್ಬರನ್ನು ಅಲ್ಲಿ ನಿಲ್ಲಿಸಿ ನೋಡಿ. ಹಗಲು ಕಾಣದ್ದನ್ನು ರಾತ್ರಿ ಕಾಣಿಸುವ ದೀಪ ಇಲ್ಲ.

ಕ್ಯಾಮೆರಾದಿಂದ ಬೇಕಾದ ಜಾಗಕ್ಕೆ ಟೇಪು ಹಿಡಿದು ದೂರ ಬರೆದಿಟ್ಟುಕೊಳ್ಳಿ. ಕಣ್ಣಳತೆ ಬೇಡ, ತೋಟದವರ ಕಣ್ಣಳತೆಯಲ್ಲಿ 25 ಮೀಟರ್ ಎಂದದ್ದು 40 ಆದದ್ದನ್ನು ಎಷ್ಟೋ ಬಾರಿ ಕಂಡಿದ್ದೇನೆ.

ಹಂತ 2: ನಿಮ್ಮ ಕ್ಯಾಮೆರಾಗೆ ಐಆರ್ ಕಾಣುತ್ತದೆಯೇ?

ಕ್ಯಾಮೆರಾದ ಸೆನ್ಸರ್ ಸಿಲಿಕಾನಿನದು. ನಮ್ಮ ಕಣ್ಣಿಗೆ ಕಾಣದ ಐಆರ್ ಬೆಳಕು ಅದಕ್ಕೆ ಸಹಜವಾಗಿಯೇ ಕಾಣುತ್ತದೆ. ಆದರೆ ಹಗಲಿನಲ್ಲಿ ಬಣ್ಣ ಕೆಡದಿರಲೆಂದು ಸೆನ್ಸರಿನ ಮುಂದೆ ಐಆರ್ ತಡೆಯುವ ಸಣ್ಣ ಗಾಜಿನ ಫಿಲ್ಟರ್ ಕೂತಿರುತ್ತದೆ. ಕತ್ತಲಾದಾಗ ಅದು ಪಕ್ಕಕ್ಕೆ ಸರಿದು ಚಿತ್ರ ಕಪ್ಪುಬಿಳುಪಾಗುತ್ತದೆ. ಸಂಜೆ ಕ್ಯಾಮೆರಾದೊಳಗಿಂದ ಕೇಳುವ "ಟಿಕ್" ಸದ್ದು ಈ ಫಿಲ್ಟರಿನದೇ.

ಪರೀಕ್ಷೆ ಸುಲಭ. ರಾತ್ರಿ ಚಿತ್ರ ಕಪ್ಪುಬಿಳುಪಾದ ಮೇಲೆ ಟಿವಿ ರಿಮೋಟನ್ನು ಲೆನ್ಸಿಗೆ ಹಿಡಿದು ಗುಂಡಿ ಒತ್ತಿ. ರಿಮೋಟಿನ ಮೂತಿಯಲ್ಲಿ ಬೆಳಕು ಮಿಣಿಮಿಣಿ ಎಂದರೆ ಕ್ಯಾಮೆರಾ ಸರಿ ಇದೆ. ರಾತ್ರಿಯೂ ಬಣ್ಣದ ಚಿತ್ರವೆಂದು ಮಾರುವ ಕೆಲವು ಕ್ಯಾಮೆರಾಗಳಲ್ಲಿ ಫಿಲ್ಟರ್ ಸರಿಯುವುದೇ ಇಲ್ಲ. ಅವುಗಳಿಗೆ ಬೇಕಾದದ್ದು ಮಾಮೂಲಿ ಬಿಳಿ ದೀಪ. ಅಂಥ ಕ್ಯಾಮೆರಾ ನಿಮ್ಮದಾದರೆ ಐಆರ್ ದೀಪದ ಯೋಚನೆಯನ್ನು ಇಲ್ಲಿಗೇ ಬಿಡಿ.

ಹಂತ 3: 850 ಅಥವಾ 940

ದೀಪದ ಮೇಲೆ ಅಲೆಯುದ್ದವನ್ನು ನ್ಯಾನೊಮೀಟರಿನಲ್ಲಿ ಬರೆದಿರುತ್ತಾರೆ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು: 850 ಮತ್ತು 940.

850ರ ದೀಪವನ್ನು ಕತ್ತಲಲ್ಲಿ ನೇರವಾಗಿ ನೋಡಿದರೆ ಆರುತ್ತಿರುವ ಕೆಂಡದಂತೆ ಮಸುಕಾದ ಕೆಂಪು ಕಾಣುತ್ತದೆ. 940 ಕಣ್ಣಿಗೆ ಕಾಣುವುದೇ ಇಲ್ಲ. "ಹಾಗಾದರೆ 940 ತಗೊಳ್ಳೋಣ, ಕಳ್ಳನಿಗೆ ಗೊತ್ತಾಗಬಾರದು" ಎನ್ನುವುದು ಎಲ್ಲರ ಮೊದಲ ಮಾತು. ನಾನೂ ಹಾಗೇ ಕೊಂಡಿದ್ದೆ. ತಂದು ಕಟ್ಟಿದ ರಾತ್ರಿ ಹತ್ತು ಮೀಟರಿನ ಆಚೆ ಏನೂ ಇರಲಿಲ್ಲ. ಕಾರಣ, 940ರಲ್ಲಿ ಸಾಮಾನ್ಯ ಸೆನ್ಸರಿಗೆ ಇರುವ ಸೂಕ್ಷ್ಮತೆ 850ರಲ್ಲಿ ಇರುವುದರ ಅರ್ಧ ಅಥವಾ ಅದಕ್ಕೂ ಕಡಿಮೆ. ಅಷ್ಟೇ ವ್ಯಾಟ್, ಅಷ್ಟೇ ಬೆಲೆ, ಕೆಲಸ ಮಾತ್ರ ಅರ್ಧ.

ನನ್ನ ಅಭಿಪ್ರಾಯ ಇಷ್ಟು. ಅಂಗಳ, ಗೇಟು, ಗೋದಾಮಿಗೆ 850 ಹಾಕಿ. ಕೆಂಪು ಮಿಣುಕು ಕಂಡು ಯಾರಾದರೂ ಹಿಂದೆ ಸರಿದರೆ ಅದು ನಷ್ಟವೇನಲ್ಲ. 940 ಬೇಕಾಗುವುದು ಕ್ಯಾಮೆರಾ ಇದೆಯೆಂದೇ ತಿಳಿಯಬಾರದ, ಅದೂ ಐದಾರು ಮೀಟರಿನ ಒಳಗಿನ ಜಾಗಕ್ಕೆ. ಪ್ರಾಣಿಗಳಿಗೆ ಕಟ್ಟುವ ಟ್ರ್ಯಾಪ್ ಕ್ಯಾಮೆರಾಗಳಲ್ಲೂ ಇವೇ ಎರಡು ಬಗೆ ಇವೆ. ಕಾಲುದಾರಿಯ ಪಕ್ಕ ಮರಕ್ಕೆ ಕಟ್ಟಿ ಹತ್ತಿರದಿಂದ ಹಿಡಿಯುವುದಾದರೆ ಅಲ್ಲಿ 940 ಸರಿಯಾದ ಆಯ್ಕೆ.

ಕಣ್ಣಿಗೆ ಕಟ್ಟಿಕೊಳ್ಳುವ, ಇರುವ ಮಂದ ಬೆಳಕನ್ನು ಹೆಚ್ಚಿಸುವ ಟ್ಯೂಬಿನ ನೈಟ್ ವಿಷನ್ ದುರ್ಬೀನಿನ ಲೆಕ್ಕ ಬೇರೆ. ಅದರ ಒಳ್ಳೆಯ ಟ್ಯೂಬುಗಳ ದೃಷ್ಟಿ ಸುಮಾರು 900 ನ್ಯಾನೊಮೀಟರಿಗೆ ಮುಗಿಯುವುದರಿಂದ 940ರ ದೀಪ ಅದಕ್ಕೆ ಬಹುತೇಕ ಕತ್ತಲೆಯೇ. ಮೈಯ ಶಾಖ ಹಿಡಿಯುವ ಥರ್ಮಲ್ ಕ್ಯಾಮೆರಾಗೆ ಎರಡೂ ದೀಪ ಬೇಡ. ಆದರೆ ಅದರಲ್ಲಿ ಆನೆಯೋ ಆಳೋ ಎಂದು ತಿಳಿದೀತು, ಯಾವ ಆಳು ಎಂದು ತಿಳಿಯದು.

ಹಂತ 4: ಕೋನ ಹೊಂದಿಸಿ

ದೀಪ 30, 60, 90 ಡಿಗ್ರಿ ಎಂದು ಬೇರೆ ಬೇರೆ ಅಗಲಕ್ಕೆ ಬೆಳಕು ಚೆಲ್ಲುತ್ತದೆ. 2.8 ಮಿಲಿಮೀಟರ್ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ, 4 ಮಿಲಿಮೀಟರಿನದು ಸುಮಾರು 80, 6ರದ್ದು 50ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ.

ದೀಪದ ಕೋನ ಲೆನ್ಸಿನ ಕೋನಕ್ಕಿಂತ ಕಿರಿದಾದರೆ ಚಿತ್ರದ ನಡುವೆ ಬಿಳಿ ತಟ್ಟೆ, ಸುತ್ತಲೂ ಕತ್ತಲು. ತೀರಾ ಅಗಲವಾದರೆ ಬೆಳಕು ಚಿತ್ರಕ್ಕೆ ಬಾರದ ಜಾಗದಲ್ಲಿ ಹಾಳಾಗುತ್ತದೆ. ಲೆನ್ಸಿನಷ್ಟೇ, ಇಲ್ಲವೇ ಒಂದು ಗುಲಗಂಜಿ ಹೆಚ್ಚು ಅಗಲದ ದೀಪ ಸಾಕು. ಅಗಲ ಅಂಗಳಕ್ಕೆ ಒಂದು ದೊಡ್ಡ ದೀಪಕ್ಕಿಂತ ಎರಡು ಮೂಲೆಯಿಂದ ಎರಡು ಸಣ್ಣ ದೀಪ ಹಾಕಿದರೆ ನೆರಳೂ ಕಡಿಮೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ.

ಪೆಟ್ಟಿಗೆಯ ಮೇಲಿನ ಮೀಟರ್ ಸಂಖ್ಯೆಯ ಬಗ್ಗೆ ಒಂದು ಮಾತು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಹತ್ತು ಮೀಟರಿನಲ್ಲಿ ಇದ್ದ ಬೆಳಕು ನಲವತ್ತಕ್ಕೆ ಹೋಗುವಾಗ ಹದಿನಾರನೆಯ ಒಂದು ಭಾಗ. ಹಾಗಾಗಿ ಬರೆದ ದೂರದ ಅರ್ಧವನ್ನು ಮಾತ್ರ ನಾನು ನಂಬುತ್ತೇನೆ: 25 ಮೀಟರ್ ಬೇಕಾದವರು 50 ಎಂದು ಬರೆದದ್ದನ್ನು ಕೊಳ್ಳಲಿ. ಎಲ್‌ಇಡಿಗಳ ಸಂಖ್ಯೆ ಎಣಿಸಬೇಡಿ. 96 ಸಣ್ಣ ಎಲ್‌ಇಡಿಗಳ ದೀಪವನ್ನು ನಾಲ್ಕು ದೊಡ್ಡ ಎಲ್‌ಇಡಿಗಳ ದೀಪ ಸಲೀಸಾಗಿ ಮೀರಿಸಬಹುದು. ನೋಡಬೇಕಾದದ್ದು ಅಲೆಯುದ್ದ, ಕೋನ ಮತ್ತು ವ್ಯಾಟ್. ಈ ಮೂರರಲ್ಲಿ ಒಂದನ್ನೂ ಬರೆಯದ ದೀಪವನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಹಂತ 5: ಲೇಸರ್ ಬೇಕೇ?

ಇಲ್ಲಿ ನಿಧಾನವಾಗಿ ಓದಿ. ದೂರ ಹೆಚ್ಚು ಬೇಕೆಂದು ಹುಡುಕುವವರಿಗೆ ಆನ್‌ಲೈನಿನಲ್ಲಿ ಐಆರ್ ಲೇಸರ್ ಸಿಗುತ್ತದೆ, ಅದೂ ಎರಡು ಜಾತಿಯದು.

ಒಂದು, ಬಂದೂಕಿಗೆ ಕಟ್ಟುವ ಗುರಿ ಲೇಸರ್. ಇದು ಗೋಡೆಯ ಮೇಲೆ ಒಂದು ಚುಕ್ಕಿ ಇಡುತ್ತದೆ, ಅಷ್ಟೇ. ಅಂಗಳ ಬೆಳಗುವ ವಸ್ತುವೇ ಅಲ್ಲ. ಅಮೆರಿಕದಲ್ಲೂ ಇದರ ಪೂರ್ಣ ಶಕ್ತಿಯ ಮಾದರಿಗಳು ಸೇನೆ ಮತ್ತು ಪೊಲೀಸರಿಗೆ ಮೀಸಲು, ಸಾರ್ವಜನಿಕರಿಗೆ ಸಿಗುವುದು ಶಕ್ತಿ ಇಳಿಸಿದ್ದು. ನಮ್ಮಲ್ಲಿ ಹಂದಿ ಕಾಟಕ್ಕೆಂದು ಇದನ್ನು ತರಿಸುವ ಯೋಚನೆ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನಪಿಟ್ಟುಕೊಳ್ಳಿ. ತೋಟ ಸ್ವಂತದ್ದಾದ ಮಾತ್ರಕ್ಕೆ ಬೇಟೆ ಸಕ್ರಮವಾಗುವುದಿಲ್ಲ.

ಇನ್ನೊಂದು, ಲೇಸರ್ ಬೆಳಕನ್ನು ಲೆನ್ಸಿನಿಂದ ಹರಡಿಸುವ ದೀಪ. ಗುಡ್ಡದ ಆಚೆಯ ಇನ್ನೂರು ಮುನ್ನೂರು ಮೀಟರ್ ದೂರವನ್ನು ಜೂಮ್ ಮಾಡಿ ನೋಡುವ, ತಿರುಗುವ ದೊಡ್ಡ ಕ್ಯಾಮೆರಾಗಳಿಗೆ ಇದು ನಿಜವಾಗಿಯೂ ಬೇಕು. ಮನೆಯಂಗಳಕ್ಕೆ ಬೇಡವೇ ಬೇಡ.

ಅಪಾಯ ಕಣ್ಣಿನದು. 400ರಿಂದ 1400 ನ್ಯಾನೊಮೀಟರಿನವರೆಗಿನ ಬೆಳಕನ್ನು ಕಣ್ಣಿನ ಮಸೂರ ನೇರವಾಗಿ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಕಾಣುವ ಲೇಸರ್ ಕಣ್ಣಿಗೆ ಬಿದ್ದರೆ ಕಾಲು ಸೆಕೆಂಡಿನೊಳಗೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ಐಆರ್ ಬಹುತೇಕ ಕಾಣದ್ದರಿಂದ ರೆಪ್ಪೆ ಮುಚ್ಚುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ದೃಷ್ಟಿಯಲ್ಲಿ ಕಲೆ ಕಂಡಾಗ. ಆದ್ದರಿಂದ ಲೇಸರ್ ಕೊಳ್ಳಲೇಬೇಕಾದರೆ ಅದರ ಮೇಲಿನ ಸುರಕ್ಷತಾ ವರ್ಗ ನೋಡಿ. ವರ್ಗ 1 ಸುರಕ್ಷಿತ. 3ಬಿ ಎಂದರೆ 500 ಮಿಲಿವ್ಯಾಟಿನವರೆಗೆ, ನೇರ ನೋಟ ಅಪಾಯಕಾರಿ. ವರ್ಗ 4ರದ್ದು ಚದುರಿದ ಬೆಳಕೂ ಕೆಡುಕು ಮಾಡಬಲ್ಲದು. ಐಆರ್ ಲೇಸರಿನ ಮೇಲೆ "ವರ್ಗ 2" ಎಂದು ಅಂಟಿಸಿದ್ದರೆ ಆ ಚೀಟಿಯೇ ಸುಳ್ಳು: ವರ್ಗ 2 ಇರುವುದು ಕಾಣುವ ಬೆಳಕಿಗೆ ಮಾತ್ರ.

ಅಗ್ಗದ ಲೇಸರುಗಳ ಚೀಟಿಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ಒಂದು ಲೆಕ್ಕ ಇದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 122 ಲೇಸರ್ ಪಾಯಿಂಟರುಗಳನ್ನು ಅಳೆದು 2013ರಲ್ಲಿ ಫಲಿತಾಂಶ ಹೇಳಿತು. ಹಸಿರು ಪಾಯಿಂಟರುಗಳಲ್ಲಿ ಸುಮಾರು ಶೇಕಡಾ 90, ಕೆಂಪಿನಲ್ಲಿ ಸುಮಾರು ಶೇಕಡಾ 44 ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಿರಲಿಲ್ಲ. ಕಾಣುವ ಲೇಸರಿನದೇ ಈ ಪಾಡು.

ಎಲ್‌ಇಡಿ ದೀಪಗಳು ಇಷ್ಟು ಅಪಾಯದವಲ್ಲ. ಆದರೂ ಏಣಿ ಹತ್ತಿ ಉರಿಯುತ್ತಿರುವ ದೀಪವನ್ನು ಒಂದು ಗೇಣಿನಿಂದ ದಿಟ್ಟಿಸಬೇಡಿ. ಉರಿಯುತ್ತಿದೆಯೇ ಎಂದು ತಿಳಿಯಲು ಮೊಬೈಲ್ ಕ್ಯಾಮೆರಾ ಹಿಡಿಯಿರಿ. ನೇರಳೆ ಬಿಳುಪು ಬೆಳಕು ಕಾಣುತ್ತದೆ. ಕೆಲವು ಫೋನಿನ ಹಿಂಬದಿಯ ಕ್ಯಾಮೆರಾದಲ್ಲಿ ಕಾಣುವುದಿಲ್ಲ, ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.

ಹಂತ 6: ತಂತಿ ಲೆಕ್ಕ ಹಾಕಿ, ಆಮೇಲೆ ಕೊಳ್ಳಿ

ದೀಪ ಮಿಣಕು ಎನ್ನುತ್ತದೆ ಎಂದು ದೂರುವವರಲ್ಲಿ ಹಲವರ ದೀಪ ಚೆನ್ನಾಗಿರುತ್ತದೆ, ತಂತಿ ಸಣ್ಣದಾಗಿರುತ್ತದೆ. 24 ವ್ಯಾಟಿನ ದೀಪ 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆಯುತ್ತದೆ. ಮನೆಯೊಳಗೆ ಅಡಾಪ್ಟರ್ ಇಟ್ಟು 50 ಮೀಟರ್ ಆಚೆಗೆ ಅರ್ಧ ಚದರ ಮಿಲಿಮೀಟರಿನ ತೆಳು ತಂತಿ ಎಳೆದರೆ, ಹೋಗಿಬರುವ ನೂರು ಮೀಟರ್ ತಾಮ್ರದ ತಡೆ ಸುಮಾರು ಮೂರೂವರೆ ಓಮ್. ಎರಡು ಆಂಪಿಯರ್ ಹರಿದರೆ ಏಳು ವೋಲ್ಟ್ ದಾರಿಯಲ್ಲೇ ಮಾಯ. ಅದೇ ದೂರಕ್ಕೆ 2.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ಹೋಗುವುದು ಒಂದೂವರೆ ವೋಲ್ಟಿಗಿಂತ ಕಡಿಮೆ.

ದೀಪ ಉರಿಯುತ್ತಿರುವಾಗ ಅದರ ತುದಿಯಲ್ಲೇ ಮಲ್ಟಿಮೀಟರ್ ಹಿಡಿಯಿರಿ. 11 ವೋಲ್ಟಿಗಿಂತ ಕಡಿಮೆ ಬಂದರೆ ತಂತಿ ದಪ್ಪ ಮಾಡಿ, ಇಲ್ಲವೇ 230 ವೋಲ್ಟಿನ ಲೈನನ್ನು ಎಲೆಕ್ಟ್ರಿಷಿಯನ್ನಿಂದ ದೀಪದ ಹತ್ತಿರಕ್ಕೆ ತರಿಸಿ ಅಡಾಪ್ಟರನ್ನು ಅಲ್ಲಿಯೇ ಮಳೆ ತಾಗದ ಪೆಟ್ಟಿಗೆಯಲ್ಲಿ ಇಡಿ. ದೀಪ ಆರಿದ್ದಾಗ ಅಳೆದರೆ 12 ಪೂರ್ತಿ ತೋರಿಸುತ್ತದೆ. ಆ ಅಳತೆಗೆ ಬೆಲೆಯಿಲ್ಲ. ಮಲೆನಾಡಿನ ಮಳೆಗೆ ಐಪಿ66 ಅಥವಾ ಐಪಿ67 (ಧೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ) ಇಲ್ಲದ ದೀಪ ಒಂದು ಮಳೆಗಾಲ ದಾಟುವುದು ಕಷ್ಟ.

ಹಂತ 7: ಕಟ್ಟುವ ಜಾಗ

ಎಲ್ಲರೂ ಎಡವುವುದು ಇಲ್ಲಿ. ಕ್ಯಾಮೆರಾ ಇರುವ ಕಂಬಕ್ಕೇ, ಅದರ ನೆತ್ತಿಯ ಮೇಲೇ ದೀಪ ಬಿಗಿಯುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಜಡಿಮಳೆ ಬಂದಾಗ, ಮಂಜು ಇಳಿದಾಗ ಹನಿಗಳ ಮೇಲೆ ಬಿದ್ದ ಬೆಳಕು ನೇರ ಲೆನ್ಸಿಗೆ ವಾಪಸು ಬರುತ್ತದೆ. ರಾತ್ರಿ ಹೆಡ್‌ಲೈಟ್ ಡಿಮ್ ಮಾಡದೆ ಆಗುಂಬೆ ಘಾಟಿಯ ಮಂಜಿನಲ್ಲಿ ಕಾರು ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐಆರ್ ಮಂಜನ್ನು ತೂರಿ ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಮಂಜಿನ ಹನಿ ಈ ಅಲೆಯುದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ತೂರಿ ಹೋಗುವುದಿಲ್ಲ.

ದೀಪವನ್ನು ಕ್ಯಾಮೆರಾದಿಂದ ಕನಿಷ್ಠ ಎರಡು ಮೀಟರ್ ಪಕ್ಕಕ್ಕೆ, ಆದಷ್ಟು ನೋಡಬೇಕಾದ ಜಾಗದ ಹತ್ತಿರಕ್ಕೆ ಕಟ್ಟಿ. ದೀಪದ ಮುಖ ಲೆನ್ಸಿನ ಕಡೆ ತಿರುಗಿರಬಾರದು. ಕ್ಯಾಮೆರಾದೊಳಗಿನ ಐಆರ್ ಎಲ್‌ಇಡಿಗಳನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡಿಬಿಡಿ. ಇದರಿಂದ ಇನ್ನೊಂದು ಲಾಭವಿದೆ. ಹುಳಗಳು, ಅವುಗಳ ಹಿಂದೆ ಜೇಡ, ದೀಪದ ಕಡೆಗೆ ಹೋಗುತ್ತವೆ. ಲೆನ್ಸಿನ ಮುಂದೆ ಒಂದೇ ಎಳೆ ಬಲೆ ಇದ್ದರೂ ಅದು ಐಆರ್ ಬೆಳಕಿನಲ್ಲಿ ಹಗ್ಗದಂತೆ ಹೊಳೆದು ರಾತ್ರಿಯಿಡೀ ಅಲಾರಂ ಬಾರಿಸುತ್ತದೆ.

ಬೆಳಕಿನ ದಾರಿಯಲ್ಲಿ ಹತ್ತಿರದ ಎಲೆ ಇರಕೂಡದು. ಪರಿಚಯದವರೊಬ್ಬರ ಮನೆಯಲ್ಲಿ ಕ್ಯಾಮೆರಾದ ಎದುರಿನ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತ್ತು. ಹಗಲು ಚಿತ್ರದ ಮೂಲೆಯಲ್ಲಿ ಅದು ಇದ್ದದ್ದೇ ಗಮನಕ್ಕೆ ಬರುತ್ತಿರಲಿಲ್ಲ. ರಾತ್ರಿ ಮಾತ್ರ ಬಳ್ಳಿ ಬುಡದಿಂದ ತುದಿಯವರೆಗೆ ಸುಣ್ಣ ಬಳಿದಂತೆ ಬೆಳ್ಳಗಾಗಿ, ಅದರ ಹಿಂದಿನ ಇಡೀ ಅಂಗಳ ಕಪ್ಪಾಗುತ್ತಿತ್ತು. ಹಸಿರೆಲೆ ಐಆರ್ ಬೆಳಕನ್ನು ಬಲವಾಗಿ ಹಿಂದಕ್ಕೆ ಎಸೆಯುತ್ತದೆ. ಅಷ್ಟು ಬೆಳಕು ಕಂಡ ಕ್ಯಾಮೆರಾ, ಜಾಗ ಬೆಳಗಿದೆ ಎಂದು ತಿಳಿದು ಇಡೀ ಚಿತ್ರದ ಬೆಳಕನ್ನು ತಗ್ಗಿಸುತ್ತದೆ. ಮೆಣಸು ಕಡಿಯಬೇಕಾಗಲಿಲ್ಲ. ದೀಪವನ್ನು ಮರದ ಆಚೆ ಬದಿಗೆ ಮೂರು ಮೀಟರ್ ಸರಿಸಿದೆವು, ಅಂಗಳ ಕಂಡಿತು. ಹತ್ತಿರದ ಬಿಳಿ ಗೋಡೆ, ಸೂರಿನ ಅಂಚು, ನೀರಿನ ಟ್ಯಾಂಕ್ ಇವುಗಳಿಂದಲೂ ಇದೇ ಆಟ.

ಹಂತ 8: ರಾತ್ರಿಯ ಪರೀಕ್ಷೆ

ಪೂರ್ತಿ ಕತ್ತಲಾದ ಮೇಲೆ, ಸಾಧ್ಯವಾದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾಡಿ. ಸಹಾಯಕ್ಕೆ ಬಂದವರನ್ನು ಐದು ಮೀಟರಿಗೊಮ್ಮೆ ನಿಲ್ಲಿಸಿ, ಮುಖ ಎತ್ತಿ ಕ್ಯಾಮೆರಾ ಕಡೆ ನೋಡಲು ಹೇಳಿ. ಆಮೇಲೆ ಸರಸರ ನಡೆಯಲು ಹೇಳಿ. ನಿಂತಾಗ ಸ್ಪಷ್ಟ, ನಡೆದಾಗ ಬಾಲ ಬಿಟ್ಟಂತೆ ಮಸುಕು ಎಂದಾದರೆ ಶಟರ್ (ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ತೆಗೆದುಕೊಳ್ಳುವ ಹೊತ್ತು) ತೀರಾ ನಿಧಾನವಾಗಿದೆ. ಸೆಟ್ಟಿಂಗಿನಲ್ಲಿ ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ತನ್ನಿ. ಚಿತ್ರ ಕಪ್ಪಾದರೆ ಬೆಳಕು ಸಾಲದು ಎಂದೇ ಅರ್ಥ, ಹಂತ 4ಕ್ಕೆ ಹಿಂದಿರುಗಿ. ಪರದೆಯಲ್ಲಿ ನೇರ ನೋಡುವುದಕ್ಕಿಂತ ರೆಕಾರ್ಡ್ ಆದದ್ದನ್ನು ನಿಲ್ಲಿಸಿ ನೋಡಿ. ಬೇಕಾಗುವುದು ಅದೇ ತಾನೇ.

ಫೋಕಸ್ ತಿರುಗಿಸಲು ಬರುವ ಲೆನ್ಸಾದರೆ ಅದನ್ನು ರಾತ್ರಿಯೇ ಹೊಂದಿಸಿ. ಐಆರ್ ಬೆಳಕು ಕಾಣುವ ಬೆಳಕಿಗಿಂತ ಸ್ವಲ್ಪ ಬೇರೆ ಜಾಗದಲ್ಲಿ ಫೋಕಸ್ ಆಗುತ್ತದೆ.

ಎಚ್ಚರಿಕೆಯ ಲಕ್ಷಣಗಳು

ಚಿತ್ರ ಬಣ್ಣಕ್ಕೂ ಕಪ್ಪುಬಿಳುಪಿಗೂ ನಿಮಿಷಕ್ಕೊಮ್ಮೆ ಹಾರುತ್ತಿದ್ದರೆ ಕ್ಯಾಮೆರಾ ನಿಮ್ಮ ಐಆರ್ ದೀಪವನ್ನೇ ಬೆಳಗಾಯಿತೆಂದು ಎಣಿಸುತ್ತಿದೆ. ಹಗಲು ರಾತ್ರಿಯ ಬದಲಾವಣೆಯನ್ನು ಸಮಯಕ್ಕೆ ಕಟ್ಟಿ: ಸಂಜೆ ಆರೂವರೆಗೆ ರಾತ್ರಿ, ಬೆಳಗ್ಗೆ ಆರೂವರೆಗೆ ಹಗಲು.

ಹಗಲಿನಲ್ಲಿ ಎಲೆಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ, ಇಲ್ಲವೇ ರಾತ್ರಿ ದೀಪ ಉರಿದರೂ ಚಿತ್ರ ಕಪ್ಪಾಗಿದ್ದರೆ ಒಳಗಿನ ಫಿಲ್ಟರ್ ಸಿಕ್ಕಿಕೊಂಡಿದೆ. ದೀಪಕ್ಕೆ ದುಡ್ಡು ಹಾಕಬೇಡಿ, ಕ್ಯಾಮೆರಾ ರಿಪೇರಿಗೆ ಕೊಡಿ.

ಹತ್ತಿರದ ಮುಖ ಮಾತ್ರ ಬಿಳಿ ಉಂಡೆಯಾದರೆ, ಒಳಗಿನ ಎಲ್‌ಇಡಿಗಳನ್ನು ಉರಿಯಲು ಬಿಟ್ಟವರು ಕ್ಯಾಮೆರಾದಲ್ಲಿ ಸ್ಮಾರ್ಟ್ ಐಆರ್ ಎಂಬ ಆಯ್ಕೆ ಇದೆಯೇ ನೋಡಿ ಚಾಲೂ ಮಾಡಿ. ಅದು ಕ್ಯಾಮೆರಾದ ಒಳಗಿನ ಎಲ್‌ಇಡಿಗಳನ್ನು ಮಾತ್ರ ತಗ್ಗಿಸುತ್ತದೆ. ಹೊರಗಿನ ದೀಪವನ್ನು ನೀವೇ ಮೇಲಕ್ಕೆ ಅಥವಾ ದೂರಕ್ಕೆ ಒಯ್ಯಬೇಕು. ಗುಮ್ಮಟದಂಥ ಕ್ಯಾಮೆರಾದಲ್ಲಿ ಇಡೀ ಚಿತ್ರ ಮಬ್ಬಾದರೆ ಗಾಜಿನ ಮೇಲಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಲೆನ್ಸಿನ ಸುತ್ತಲಿನ ರಬ್ಬರ್ ಬಳೆ ಗಾಜಿಗೆ ಅಂಟಿಕೊಂಡಿದೆಯೇ ನೋಡಿ.

ಬಟ್ಟೆಯ ಬಣ್ಣವನ್ನು ನಂಬಬೇಡಿ. ಕಪ್ಪು ಅಂಗಿಯ ಬಣ್ಣ ಐಆರ್ ಬೆಳಕನ್ನು ಹಿಂದಕ್ಕೆ ಕಳಿಸುವಂಥದ್ದಾದರೆ ಅದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಠಾಣೆಯಲ್ಲಿ ದೂರು ಕೊಡುವಾಗ "ಬಿಳಿ ಅಂಗಿ ಹಾಕಿದವನು" ಎಂದು ಬರೆಸಿದರೆ ಪೊಲೀಸರು ತಪ್ಪು ಅಂಗಿ ಹುಡುಕುತ್ತಾರೆ. ನಡಿಗೆ, ಎತ್ತರ, ಚೀಲ ಹೊತ್ತ ಹೆಗಲು ಯಾವುದು ಎಂಬುದನ್ನು ಬರೆಸಿ, ವಿಡಿಯೊದ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಕೊಡಿ. ರೆಕಾರ್ಡರ್ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ.